ಮೀಟರ್ ಗೇಜ್ ಮಾದರಿ ರೈಲಿಗೆ ಅಳತೆ ಹೊಂದುವ ಡೈಕಾಸ್ಟ್ ಕಾರು, ಲಾರಿ ಯಾವುದು? ಬಳ್ಳಾರಿಯಿಂದ ಒಂದು ಪ್ರಶ್ನೆ

ಮಾಳಿಗೆ_ರೈಲು (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ ದಾರಿ ತೋರಿಸಿ.

ನಮ್ಮ ಮನೆ ಮಾಳಿಗೆ ಮೇಲೆ ಶೀಟ್ ಹೊದಿಸಿ ಒಂದು ಕೋಣೆಯಷ್ಟು ಜಾಗ ಮಾಡಿಕೊಂಡಿದ್ದೇನೆ. ಅಲ್ಲಿ 45 ಮಿ.ಮೀ. ಹಳಿಯ ದೊಡ್ಡ ರೈಲು ಹಾಕಿದ್ದೇನೆ. ಜರ್ಮನಿಯಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬ ಊರಿಗೆ ವಾಪಸ್ ಬರುವಾಗ ಎಲ್‌ಜಿಬಿ ಕಂಪನಿಯ ಆಟಿಕೆ ಇಂಜಿನ್ ಒಂದು, ಡಬ್ಬಿ ಮೂರು, ಒಂದು ಪೆಟ್ಟಿಗೆ ತುಂಬ ಹಳಿ, ಎಲ್ಲಾ ಹಳೇದನ್ನೇ ಕೊಂಡು ತಂದುಕೊಟ್ಟ. ಹಳಿ ಜೋಡಿಸಿ ಆಯಿತು, ಗಾಡಿ ಚೆನ್ನಾಗಿ ಓಡುತ್ತಿದೆ. ಅದರ ಬಗ್ಗೆ ಚಿಂತೆ ಇಲ್ಲ.

ನನಗೆ ಮಾಡಬೇಕಿರುವುದು 1980ರ ಆಸುಪಾಸಿನ ಬಳ್ಳಾರಿ ಸ್ಟೇಷನ್ನಿನ ಹೊರಗಿನ ಜಾಗ. ನಮ್ಮಪ್ಪ ರೈಲ್ವೆಯಲ್ಲಿದ್ದರು. ಸಂಜೆ ಡ್ಯೂಟಿ ಮುಗಿಯುವ ಹೊತ್ತಿಗೆ ಅವ್ವ ನನ್ನನ್ನು ಕರೆದುಕೊಂಡು ಹೋಗಿ ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಕೊಪ್ಪಳ, ಗದಗ ಕಡೆ ಹೋಗುವ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್) ಗಾಡಿ ಉಗಿ ಬಿಡುತ್ತಾ ನಿಂತಿರುತ್ತಿತ್ತು. ಹೊರಗೆ ಕರಿ ಅಂಬಾಸಡರ್ ಎರಡು, ಸಾಲಾಗಿ ಟಾಂಗಾ, ಒಂದೆರಡು ಆಟೋ, ರಸ್ತೆ ಆಚೆ ಕೆಂಪು ಧೂಳು ಮೆತ್ತಿಕೊಂಡ ಅದಿರಿನ ಲಾರಿ. 90ರ ದಶಕದಲ್ಲಿ ಆ ದಾರಿ ಬ್ರಾಡ್ ಗೇಜ್ ಆಯಿತು, ಅಪ್ಪನೂ ಈಗ ಇಲ್ಲ. ಆ ಒಂದು ಸಂಜೆಯನ್ನ ಮೇಜಿನ ಮೇಲೆ ತರಬೇಕು ಅಂತ ಆಸೆ.

ತೊಂದರೆ ಬಂದಿರುವುದು ಗಾಡಿಗಳದ್ದು. ಆಟಿಕೆ ಅಂಗಡಿಯಲ್ಲಿ ಒಂದು ಅಂಬಾಸಡರ್ ತಗೊಂಡೆ, ರೈಲಿನ ಪಕ್ಕ ಇಟ್ಟರೆ ಮಕ್ಕಳು ಕೂತು ಓಡಿಸುವ ಕಾರಿನ ಹಾಗೆ ಕಾಣುತ್ತದೆ. ಜಾತ್ರೆಯಲ್ಲಿ ಒಂದು ಆಟೋ ಸಿಕ್ಕಿತು, ಅದು ಪರವಾಗಿಲ್ಲ ಅನ್ನಿಸಿತು. ಆಮೇಲೆ ಆನ್‌ಲೈನ್‌ನಲ್ಲಿ 1:24 (ನಿಜವಾದ ಗಾಡಿಯ 24ರಲ್ಲಿ ಒಂದು ಪಾಲು) ಅಂತ ಬರೆದಿದ್ದ ಒಂದು ಲಾರಿ ತರಿಸಿದೆ. ಬಂದದ್ದು ನೋಡಿದರೆ ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದು. ಇಂಜಿನ್ ಡ್ರೈವರ್ ಗೊಂಬೆಯನ್ನ ಅದರ ಪಕ್ಕ ನಿಲ್ಲಿಸಿದರೆ ಗೊಂಬೆಯ ತಲೆ ಕ್ಯಾಬಿನ್ನಿಗಿಂತ ಮೇಲೆ ಬರುತ್ತದೆ. ಮಾರಿದವರಿಗೆ ಬರೆದೆ, ವಾಪಸ್ ತಗೊಳ್ಳಲ್ಲ ಅಂದರು.

ಇಲ್ಲಿ ಯಾರಾದರೂ ದೊಡ್ಡ ಸ್ಕೇಲ್ ರೈಲು ಇಟ್ಟಿದ್ದರೆ ಹೇಳಿ. ಯಾವ ಸ್ಕೇಲಿನ ಡೈಕಾಸ್ಟ್ (ಲೋಹ ಎರಕ ಹೊಯ್ದ ಆಟಿಕೆ ಗಾಡಿ) ಹುಡುಕಬೇಕು? ಪೆಟ್ಟಿಗೆ ಮೇಲಿನ ನಂಬರ್ ನಂಬಬಹುದಾ? ಲಾರಿಗೆ ಏನು ಮಾಡಲಿ?

ರಾಯಚೂರು_ಜಂಕ್ಷನ್

ಅಣ್ಣ, ಕಾರಿನ ಮಾತು ಆಮೇಲೆ. ಮೊದಲು ನಿಮ್ಮ ರೈಲಿನ ಸ್ಕೇಲ್ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ.

45 ಮಿ.ಮೀ. ಅನ್ನೋದು ಎರಡು ಹಳಿಗಳ ನಡುವಿನ ಅಂತರ ಅಷ್ಟೇ. ಅದರ ಮೇಲೆ ಓಡುವ ರೈಲುಗಳು ಬೇರೆ ಬೇರೆ ಸ್ಕೇಲಿನವು. ಯುರೋಪಿನ ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ., ಅದನ್ನ 45ರಿಂದ ಭಾಗಿಸಿದರೆ 1:32 ಬರುತ್ತದೆ. ಅಮೆರಿಕದ ಕೆಲವು ಕಂಪನಿಗಳು ಅದೇ ಹಳಿಗೆ 1:29ರಲ್ಲಿ ಮಾಡುತ್ತವೆ. ಅಲ್ಲಿನ ಮೂರು ಅಡಿ ಗೇಜಿನ ರೈಲು ಮಾಡುವವರದು 1:20.3. ಪೆಟ್ಟಿಗೆಗಳ ಮೇಲೆ ಹೆಚ್ಚಾಗಿ 'ಜಿ' ಅಂತಲೇ ಇರುತ್ತದೆ, ಅದನ್ನ ನೋಡಿ ಕೊಂಡರೆ ಕೆಟ್ಟೆವು.

ನಿಮ್ಮದು ಎಲ್‌ಜಿಬಿ ಅಂದಿರಿ. 1968ರಲ್ಲಿ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ ಶುರು ಮಾಡಿದ್ದು ಅದು, ಅವರ ಸ್ಕೇಲ್ 1:22.5. ಮೀಟರ್ ಗೇಜಿನ ಒಂದು ಮೀಟರನ್ನ 22.5ರಿಂದ ಭಾಗಿಸಿ ನೋಡಿ, 44.4 ಮಿ.ಮೀ. ಅಂದರೆ ನೀವು ನೆನಪಿಟ್ಟುಕೊಂಡಿರುವ ಬಳ್ಳಾರಿ ಮೀಟರ್ ಗೇಜ್‌ಗೂ ನಿಮ್ಮ ಹಳಿಗೂ ಕೂದಲೆಳೆಯಷ್ಟೇ ವ್ಯತ್ಯಾಸ. ಪುಣ್ಯ ಮಾಡಿದ್ದೀರಿ ಅಣ್ಣ, ಸುಮ್ನೆ ಹೇಳುತ್ತಿಲ್ಲ. ನಾನು ಮಾಡುತ್ತಿರುವುದು ರಾಯಚೂರು. ಇಲ್ಲಿ ಮುಂಬೈ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ದಾರಿಯೂ ಮದ್ರಾಸ್ ರೈಲ್ವೆ ದಾರಿಯೂ 1871ರಲ್ಲಿ ಕೂಡಿದ್ದು, ಎರಡೂ ಬ್ರಾಡ್ ಗೇಜ್. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., ಅದನ್ನ 45 ಮಿ.ಮೀ. ಹಳಿ ಮೇಲೆ ತರಬೇಕೆಂದರೆ 1:37 ಆಗುತ್ತದೆ. ಆ ಸ್ಕೇಲಿನಲ್ಲಿ ಅಂಗಡಿಯಲ್ಲಿ ಇಂಜಿನ್ ಸಿಗಲ್ಲ. ಹಾಗಾಗಿ ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಮೈ ನಾನೇ ಕಟ್ಟುತ್ತೇನೆ. ಈಗ ಮೇಜಿನ ಮೇಲಿರುವ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್ ಸುಮಾರು 46 ಸೆಂ.ಮೀ. ಉದ್ದ ಇದೆ.

ಇನ್ನು ನಿಮಗೆ ಒಂದು ಉಪಾಯ. ನಿಮ್ಮ ಹಳಿಯೇ ನಿಮ್ಮ ಮೀಟರ್ ಕಡ್ಡಿ. ಎರಡು ಹಳಿಗಳ ನಡುವಿನ ಜಾಗ ನಿಮ್ಮ ಮಾದರಿ ಲೋಕದಲ್ಲಿ ಒಂದು ಮೀಟರ್, ಅಲ್ವಾ? ಹಳೇ ಲಾರಿಯ 9.00-20 ಟೈರ್ ನಿಲ್ಲಿಸಿದರೆ ಎತ್ತರ ಹೆಚ್ಚೂಕಡಿಮೆ ಒಂದು ಮೀಟರ್. ಹಾಗಾದರೆ ನಿಮ್ಮ ಲಾರಿಯ ಗಾಲಿ ಬಿಚ್ಚಿ ಹಳಿಗಳ ನಡುವೆ ಮಲಗಿಸಿದರೆ ಅದು ಎರಡೂ ಕಡೆ ತಾಗುವ ಹಾಗೆ ಕೂರಬೇಕು. ಸಡಿಲವಾಗಿ ಆಡಿದರೆ ಲಾರಿ ಸಣ್ಣದು. ಕೂರದೇ ಮೇಲೇ ನಿಂತರೆ ದೊಡ್ಡದು. ಅಂಗಡಿಗೆ ಹೋಗುವಾಗ ಒಂದು ಗೇಣು ಹಳಿ ತುಂಡು ಚೀಲದಲ್ಲಿ ಇಟ್ಟುಕೊಳ್ಳಿ, ಲೆಕ್ಕ ಹಾಕುವ ಕೆಲಸವೇ ಇಲ್ಲ.

ಕೋಟೆಗುಡ್ಡ (ಬಳ್ಳಾರಿ)

ಮೇಲಿನ ಸರ್ ಹೇಳಿದ್ದು ಸರಿ ಇದೆ. ನಾನು ರೈಲಿನವನಲ್ಲ, ಡೈಕಾಸ್ಟ್ ಕೂಡಿಡುವವನು. ಪೆಟ್ಟಿಗೆ ಮೇಲಿನ ನಂಬರ್ ಬಗ್ಗೆ ಮಾತ್ರ ಹೇಳುತ್ತೇನೆ.

ಆಟಿಕೆ ಕಂಪನಿ ಮೊದಲು ನೋಡುವುದು ಪೆಟ್ಟಿಗೆಯ ಅಳತೆ. ಎಲ್ಲಾ ಕಾರೂ ಒಂದೇ ಉದ್ದದ ಪೆಟ್ಟಿಗೆಯಲ್ಲಿ ಕೂರಬೇಕು, ಅದಕ್ಕೇ ದೊಡ್ಡ ಗಾಡಿಯನ್ನ ಜಾಸ್ತಿ ಕುಗ್ಗಿಸುತ್ತಾರೆ, ಸಣ್ಣದನ್ನ ಕಡಿಮೆ ಕುಗ್ಗಿಸುತ್ತಾರೆ. ಹಾಟ್ ವೀಲ್ಸ್ ತಗೊಳ್ಳಿ, 1:64 ಅಂತ ಕರೆಯುತ್ತಾರೆ, ಆದರೆ ಅದರಲ್ಲಿ ಬರುವ ಬಸ್ಸೂ ಕಾರೂ ಹೆಚ್ಚೂಕಡಿಮೆ ಒಂದೇ ಉದ್ದ. ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಐದು ಇಂಚಿನ ಕಾರುಗಳು ಬರುತ್ತವಲ್ಲ, ಕಿನ್‌ಸ್ಮಾರ್ಟ್ ತರಹದ್ದು, ಅವುಗಳಲ್ಲಿ ಒಂದರ ತಳದಲ್ಲಿ 1:34 ಇದ್ದರೆ ಇನ್ನೊಂದರಲ್ಲಿ 1:38 ಇರುತ್ತದೆ. ಅವರು ಮುಚ್ಚಿಟ್ಟಿಲ್ಲ, ನಾವು ತಿರುಗಿಸಿ ನೋಡಿರುವುದಿಲ್ಲ. ಸೆಂಟಿಯಂಥ ನಮ್ಮ ದೇಶದ ಪ್ಲಾಸ್ಟಿಕ್ ಗಾಡಿಗಳಲ್ಲಿ ಅಂಬಾಸಡರ್, ಆಟೋ ಎಲ್ಲಾ ಇವೆ, ನೋಡಲು ಬಹಳ ಚೆಂದ. ಅವನ್ನೂ ಒಂದೊಂದಾಗಿ ಅಳೆದೇ ತಗೊಳ್ಳಬೇಕು.

ಅಳೆಯುವುದು ಹೇಗೆ? ಬಂಪರಿನಿಂದ ಬಂಪರಿಗೆ ಅಳೆಯಬೇಡಿ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ, ಅಂದರೆ ವೀಲ್‌ಬೇಸ್ ಅಳೆಯಿರಿ. ಮಿ.ಮೀ. ಸೂಕ್ಷ್ಮವಾಗಿ ಅಳೆಯುವ ಒಂದು ವರ್ನಿಯರ್ ಇಟ್ಟುಕೊಳ್ಳಿ. ಅಂಬಾಸಡರ್ ವೀಲ್‌ಬೇಸ್ 2464 ಮಿ.ಮೀ. ನಿಮ್ಮ 1:22.5ಕ್ಕೆ ಅದು 109 ಮಿ.ಮೀ. ಇರಬೇಕು. 1:24 ಆದರೆ 103, 1:32 ಆದರೆ 77. ಮಹೀಂದ್ರ ಮಾಡುತ್ತಿದ್ದ ಹಳೇ ಜೀಪ್ ಸಿಜೆ-3ಬಿ ವೀಲ್‌ಬೇಸ್ 80 ಇಂಚು, 2032 ಮಿ.ಮೀ., ನಿಮಗೆ ಬೇಕಾದದ್ದು 90. ಮಾರುತಿ 800 ಕೂಡ ನಿಮ್ಮ ಕಾಲಕ್ಕೆ ಕೊನೆಗೆ ಬರುತ್ತದೆ, 1983ರ ಡಿಸೆಂಬರ್‌ನಲ್ಲಿ ಬಂದ ಕಾರು ಅದು. ಆ ಮೊದಲ ಮಾದರಿಯದು 2150, ನಿಮಗೆ 96 ಬೇಕು. ನಿಮ್ಮ ಅಂಬಾಸಡರ್ ಅಳೆದು ಇಲ್ಲಿ ಹಾಕಿ, ಅದರ ನಿಜವಾದ ಸ್ಕೇಲ್ ಎಷ್ಟು ಅಂತ ಒಂದೇ ನಿಮಿಷಕ್ಕೆ ಗೊತ್ತಾಗುತ್ತದೆ.

ಡೈಕಾಸ್ಟ್‌ನಲ್ಲಿ 1:22.5 ಅಂತ ಹುಡುಕುತ್ತಾ ಕೂರಬೇಡಿ, ಕಾರು ಮಾಡುವವರು ಆ ಸ್ಕೇಲ್ ಹಿಡಿಯಲ್ಲ. ನಿಮಗೆ ಹತ್ತಿರದ್ದು 1:24. ನೂರಕ್ಕೆ ಆರು ಪಾಲು ಸಣ್ಣದು, ಕಣ್ಣಿಗೆ ಗೊತ್ತಾಗಲ್ಲ. ಮೈಸ್ಟೊ, ವೆಲ್ಲಿ, ಬುರಾಗೊ, ಜಾಡಾ ಎಲ್ಲರಲ್ಲೂ 1:24 ಇದೆ, ಈ ಕಂಪನಿಗಳು 1:24ರಲ್ಲಿ ಅಳತೆ ಚೆನ್ನಾಗಿಯೇ ಕಾಯುತ್ತವೆ. ಪ್ಲಾಸ್ಟಿಕ್ ಕಿಟ್ ಜೋಡಿಸುವ ಅಭ್ಯಾಸ ಇದ್ದರೆ ಟಮಿಯಾ ಕಾರುಗಳೂ 1:24, ಇಟಲೇರಿ ಲಾರಿ ಕಿಟ್‌ಗಳೂ 1:24. 1:18 ಕಡೆ ಹೋಗಬೇಡಿ. ಆ ಅಳತೆಯ ವಿಲ್ಲಿಸ್ ಜೀಪ್ ನೋಡಿದರೆ ಆಸೆ ಆಗುತ್ತದೆ, ಆದರೆ ನಿಮ್ಮ ರೈಲಿಗಿಂತ ಕಾಲು ಪಾಲು ದೊಡ್ಡದಾಗುತ್ತದೆ. ಸಣ್ಣದಾದರೆ ಹಿಂದೆ ಇಟ್ಟು ದೂರ ಇದೆ ಅನ್ನಿಸಬಹುದು. ದೊಡ್ಡದಾದರೆ ಎಲ್ಲಿಟ್ಟರೂ ರೈಲನ್ನ ಆಟಿಕೆ ಮಾಡಿಬಿಡುತ್ತದೆ.

1:43ರಲ್ಲಿ ಬೇಕಾದಷ್ಟು ಹಳೇ ಕಾರು ಸಿಗುತ್ತವೆ, ಅಂಬಾಸಡರೂ ಸಿಗುತ್ತದೆ, ಆದರೆ ನಿಮಗೆ ಅದು ಅರ್ಧ ಕಾರು. ಆ ಸ್ಕೇಲ್ ಹುಟ್ಟಿದ್ದೂ ರೈಲಿನಿಂದಲೇ. ಇಂಗ್ಲೆಂಡಿನ ಮೆಕ್ಯಾನೋದವರು 1933-34ರಲ್ಲಿ ತಮ್ಮ ಹಾರ್ನ್‌ಬಿ ರೈಲಿನ ಪಕ್ಕ ಇಡಲು ಅಂತ ಸಣ್ಣ ಗಾಡಿಗಳನ್ನ ಮಾಡಿದರು, ಅದೇ ಆಮೇಲೆ ಡಿಂಕಿ ಆಯಿತು. ಮುಂದೆ ಡಿಂಕಿಯ ಹಳೇ ಅಚ್ಚುಗಳಿಂದ ನಮ್ಮ ಕಲ್ಕತ್ತಾದಲ್ಲಿ ನಿಕ್ಕಿ ಟಾಯ್ಸ್ ಬಂತು. ನನ್ನ ಹತ್ತಿರ ಒಂದೇ ಒಂದು ಇದೆ, ಬಣ್ಣ ಅರ್ಧ ಹೋಗಿದೆ, ಯಾರು ಕೇಳಿದರೂ ಕೊಡಲ್ಲ.

ಬೆಲೆ ಬಗ್ಗೆಯೂ ಕೇಳಿಬಿಡಿ. ಹೊರಗಿನ ಆಟಿಕೆಗೆ 2020ರಲ್ಲಿ ಸುಂಕ ನೂರಕ್ಕೆ 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70 ಆಯಿತು. ಹೊಸದು ತರಿಸುವುದು ಜೇಬಿಗೆ ಭಾರ. ಕೂಡಿಡುವವರು ಜಾಗ ಇಲ್ಲದೆ ಮಾರುತ್ತಿರುತ್ತಾರೆ, ಅಂಥ ಕಡೆ ಕಾಯ್ದು ತಗೊಳ್ಳಿ. ತಗೊಳ್ಳುವ ಮುಂಚೆ 'ಒಂದು ಸ್ಕೇಲ್‌ಪಟ್ಟಿ ಪಕ್ಕ ಇಟ್ಟು ಫೋಟೋ ಕಳಿಸಿ' ಅನ್ನಿ. ಕಳಿಸದವರ ಹತ್ತಿರ ತಗೊಳ್ಳಬೇಡಿ. ನಿಮ್ಮ ಲಾರಿಯ ಗತಿ ಆಗಿದ್ದು ಅದಕ್ಕೇ.

ಮಾಳಿಗೆ_ರೈಲು (ಬಳ್ಳಾರಿ)

ಇಬ್ಬರಿಗೂ ಬಹಳ ಧನ್ಯವಾದ. ರಾತ್ರಿಯೇ ಕೂತು ಎಲ್ಲಾ ಅಳೆದೆ.

ಅಂಬಾಸಡರ್ ವೀಲ್‌ಬೇಸ್ 67 ಮಿ.ಮೀ. 2464ನ್ನ ಭಾಗಿಸಿದರೆ 1:36.8. ಅದಕ್ಕೇ ಅದು ನನ್ನ ರೈಲಿನ ಪಕ್ಕ ಹಾಗೆ ಕಾಣುತ್ತಿತ್ತು.

ಆಟೋ ಎತ್ತರ 74 ಮಿ.ಮೀ. ಬೀದಿಯಲ್ಲಿ ನಿಂತಿದ್ದ ಆಟೋ ಹತ್ತಿರ ಟೇಪ್ ಹಿಡಿದುಕೊಂಡು ಹೋಗಿ ಅಳೆದೆ, 1.7 ಮೀಟರ್ ಬಂತು. ಅಂದರೆ 1:23. ಜಾತ್ರೆಯ ಆಟೋ ನನ್ನ ರೈಲಿಗೆ ಸರಿಯಾಗಿ ಹೊಂದುತ್ತದೆ ಅಂತ ಗೊತ್ತಾದಾಗ ಎಷ್ಟು ಖುಷಿ ಆಯಿತು ಅಂದರೆ ಮನೆಯವಳನ್ನ ಎಬ್ಬಿಸಿ ತೋರಿಸಿದೆ.

ಲಾರಿ ಗಾಲಿ ಬಿಚ್ಚಿ ಹಳಿ ನಡುವೆ ಇಟ್ಟೆ. 24 ಮಿ.ಮೀ. ಗಾಲಿ, ಮಧ್ಯದಲ್ಲಿ ಸುಮ್ನೆ ಬಿದ್ದುಕೊಂಡಿತು. ಅಂದರೆ ಅದು 1:43ರ ಹತ್ತಿರದ್ದು, 1:24 ಅಂತ ಬರೆದು ಮಾರಿದ್ದಾರೆ.

ಈಗ ಲಾರಿಯದೇ ದೊಡ್ಡ ಪ್ರಶ್ನೆ. ಇಟಲೇರಿ ಕಿಟ್ ನೋಡಿದೆ, ಎಲ್ಲಾ ಹೊರದೇಶದ ಉದ್ದ ಮೂತಿಯ, ಇಲ್ಲಾ ಚಪ್ಪಟೆ ಮೂತಿಯ ಹೊಸ ಲಾರಿಗಳು. ನಮ್ಮ ಕಡೆ ಓಡುತ್ತಿದ್ದ ಹಳೇ ಟಾಟಾ ಎಲ್ಲೂ ಇಲ್ಲ. ಅದಿರಿನ ಲಾರಿ ಇಲ್ಲದೆ ಬಳ್ಳಾರಿ ಅಂತ ಹೇಗೆ ಹೇಳಲಿ?

ಸಂಡೂರು_ಲಾರಿ

ಅಣ್ಣ, ಈ ಪ್ರಶ್ನೆಗೆ ನಾನು ಉತ್ತರ ಕೊಡಬೇಕು. ಹದಿನಾರು ವರ್ಷ ಅದಿರಿನ ಲಾರಿ ಓಡಿಸಿದ್ದೇನೆ, ಈಗ ಗ್ಯಾರೇಜ್ ಇದೆ.

ನೀವು ಪೂರ್ತಿ ಲಾರಿ ಹುಡುಕುತ್ತಿದ್ದೀರಿ, ಅದಕ್ಕೆ ಸಿಗುತ್ತಿಲ್ಲ. ನಿಜವಾದ ಲಾರಿಯನ್ನ ನಮ್ಮ ಕಡೆ ಯಾರಾದರೂ ಪೂರ್ತಿ ಕೊಂಡಿದ್ದಾರಾ? ಕಂಪನಿಯಿಂದ ಬರುತ್ತಿದ್ದದ್ದು ಚಾಸಿ (ಗಾಲಿಗಳ ಮೇಲಿನ ಕಬ್ಬಿಣದ ಚೌಕಟ್ಟು), ಇಂಜಿನ್, ಮುಂದಿನ ಮೂತಿ. ಡ್ರೈವರ್ ಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಬೋಳು ಚಾಸಿ ಓಡಿಸಿಕೊಂಡು ಊರಿಗೆ ತರುತ್ತಿದ್ದ. ಆಮೇಲೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಡಿಗೇರರು ಕ್ಯಾಬಿನ್, ಹಲಗೆ, ಹಿಂಬದಿ ಡಾಲಾ ಎಲ್ಲಾ ಕಟ್ಟಿ ಬಣ್ಣ ಹೊಡೆಸುತ್ತಿದ್ದರು. ನೀವೂ ಹಾಗೇ ಮಾಡಿ. 1:24ರ ಯಾವುದಾದರೂ ಹಳೇ, ಮುರಿದ ಲಾರಿ ಕಿಟ್ಟಿನ ಚಾಸಿ ಮತ್ತು ಗಾಲಿ ತಗೊಳ್ಳಿ, ಮೇಲಿನದ್ದು ಕಟ್ಟಿಗೆಯಲ್ಲಿ ಕಟ್ಟಿ. ಗಾಲಿ 42 ಮಿ.ಮೀ.ನಿಂದ 45ರ ಒಳಗಿದ್ದರೆ ಸಾಕು.

ಮೂತಿ ಬೇಕಾದರೆ ಹಳೇ ಮರ್ಸಿಡಿಸ್ ಲಾರಿಯ ಫೋಟೋ ನೋಡಿ ಮಾಡಿ. ಟಾಟಾದವರು 1954ರಿಂದ 1969ರವರೆಗೆ ಮರ್ಸಿಡಿಸ್ ಜೊತೆ ಸೇರಿ ಲಾರಿ ಮಾಡಿದರು, ಆ ದುಂಡು ಮೂತಿ ಆಮೇಲೂ ಎಷ್ಟೋ ವರ್ಷ ಹಾಗೇ ಇತ್ತು, ನಕ್ಷತ್ರ ಹೋಗಿ ಇಂಗ್ಲಿಷಿನ ಟಿ ಬಂತು ಅಷ್ಟೇ. ಇನ್ನೊಂದು ಮಾತು, ನೀವು ರೈಲಿನವರು ಅಂತ ಹೇಳುತ್ತೇನೆ. ಟಾಟಾದವರ ಅದೇ ಲಾರಿ ಕಂಪನಿ, ಜೆಮ್‌ಶೆಡ್‌ಪುರದ ಟೆಲ್ಕೊ, ಮೀಟರ್ ಗೇಜಿನ ವೈಪಿ ಉಗಿ ಇಂಜಿನ್‌ಗಳನ್ನೂ ಕಟ್ಟಿದೆ. ನಿಮ್ಮ ಅಪ್ಪ ನೋಡಿದ ಇಂಜಿನ್ನೂ ನಾನು ಓಡಿಸಿದ ಲಾರಿಯೂ ಒಂದೇ ಕಂಪನಿಯ ಕೆಲಸ ಇರಬಹುದು.

ಬಾಡಿ ಅಳತೆ ಬರೆದುಕೊಳ್ಳಿ. ಎರಡು ಆಕ್ಸಲ್ ಲಾರಿಯ ಹಲಗೆ ಒಳಗಡೆ ಉದ್ದ 17 ಅಡಿ, ಅಗಲ 7 ಅಡಿ. ನಿಮ್ಮ ಸ್ಕೇಲಿಗೆ 230 ಮಿ.ಮೀ. ಉದ್ದ, 95 ಮಿ.ಮೀ. ಅಗಲ ಬರುತ್ತದೆ. ಹಿಂದೆ ಒಂದೊಂದು ಕಡೆ ಜೋಡಿ ಟೈರ್ ಹಾಕುವುದು ಮರೀಬೇಡಿ.

ಈಗ ಮುಖ್ಯವಾದದ್ದು, ಇದನ್ನ ಎಲ್ಲರೂ ತಪ್ಪು ಮಾಡುತ್ತಾರೆ. ಅದಿರನ್ನ ಲಾರಿ ತುಂಬ ಗುಡ್ಡೆ ಮಾಡಬೇಡಿ. ಮರಳು, ಹುಲ್ಲು ಬೇರೆ, ಅದಿರು ಬೇರೆ. ಕಬ್ಬಿಣದ ಅದಿರು ಭಾರ. ಹತ್ತು ಟನ್ ಅಂದರೆ ಹೆಚ್ಚೂಕಡಿಮೆ ನಾಲ್ಕು ಘನ ಮೀಟರ್ ಅಷ್ಟೇ. ಆ ಹಲಗೆಯಲ್ಲಿ ಸಮ ಹರಡಿದರೆ ಒಂದಡಿ ಮೇಲೆ ಸ್ವಲ್ಪ ಬರುತ್ತದೆ, ನಿಮಗೆ ಅದು 16 ಮಿ.ಮೀ. ದೂರದಿಂದ ನೋಡಿದವರಿಗೆ ಲಾರಿ ಖಾಲಿ ಅನ್ನಿಸಬೇಕು, ಹತ್ತಿರ ಬಂದರೆ ಹಿಂದಿನ ಪಟ್ಟಾ (ಸ್ಪ್ರಿಂಗ್) ಚಪ್ಪಟೆಯಾಗಿ ಕೂತಿರಬೇಕು, ಟೈರ್ ಕೆಳಗೆ ಉಬ್ಬಿರಬೇಕು. ಲೋಡ್ ಲಾರಿ ಅಂದರೆ ಅದು. ಮುಂದಿನ ಸಾಲಿಗಿಂತ ಹಿಂದಿನ ಸಾಲು ಎರಡು ಮಿ.ಮೀ. ಇಳಿಸಿ ಕೂರಿಸಿ, ನೋಡಿದವರಿಗೆ ತಾನೇ ಗೊತ್ತಾಗುತ್ತದೆ.

ಬಣ್ಣಕ್ಕೆ ನಿಜವಾದ ಅದಿರಿನ ಧೂಳು ತಂದು ಉದುರಿಸಬೇಡಿ. ಗಾಳಿಗೆ ಹಾರಿ ಇಂಜಿನ್ ಗೇರಿನೊಳಗೆ ಹೋದರೆ ಮರಳು ಕಾಗದದಂತೆ ಹಲ್ಲು ತಿನ್ನುತ್ತದೆ. ಕೆಮ್ಮಣ್ಣು ಸೋಸಿ, ಬಿಳಿ ಗೋಂದು ಕಲಸಿ ಬ್ರಷ್‌ನಿಂದ ಹಚ್ಚಿ. ಮಡ್‌ಗಾರ್ಡ್ ಕೆಳಗೆ, ಮೆಟ್ಟಿಲ ಮೇಲೆ, ಹಿಂದಿನ ಗಾಲಿ ಹತ್ತಿರ ಜಾಸ್ತಿ. ಮುಂದಿನ ಗಾಜಿನ ಮೇಲೆ ವೈಪರ್ ಆಡಿದಷ್ಟು ಜಾಗ ಮಾತ್ರ ಸ್ವಚ್ಛ ಬಿಡಿ.

ಗವಿಮಠ_ದಾರಿ (ಕೊಪ್ಪಳ)

ಅಣ್ಣಾವ್ರೇ, ಟಾಂಗಾ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ರೈಲು ಗೊತ್ತಿಲ್ಲ. ಮಗಳಿಗೆ 1:24ರಲ್ಲಿ ಗೊಂಬೆ ಮನೆ ಮಾಡುತ್ತೇನೆ, ಅದರಿಂದ ಈ ಸ್ಕೇಲ್ ಪರಿಚಯ.

ಟಾಂಗಾ, ಎತ್ತಿನ ಬಂಡಿ, ಮನುಷ್ಯರು, ಇವನ್ನ ಡೈಕಾಸ್ಟ್‌ನಲ್ಲಿ ಹುಡುಕಿ ಸುಸ್ತಾಗಬೇಡಿ. ನಮ್ಮ ಕಿನ್ನಾಳಕ್ಕೆ ಬನ್ನಿ. ಕೊಪ್ಪಳದಿಂದ ಹತ್ತಿರವೇ. ಅಲ್ಲಿನ ಚಿತ್ರಗಾರ ಮನೆತನದವರು ಹಗುರ ಕಟ್ಟಿಗೆಯಲ್ಲಿ ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ಬರೆಯುವುದನ್ನ ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಆದರೆ ಅವರ ಹತ್ತಿರ 1:22.5 ಅಂದರೆ ಕೆಲಸ ಆಗಲ್ಲ. ನಾನು ಮೊದಲ ಸಲ ಗೊಂಬೆ ಮನೆಗೆ ಒಬ್ಬ ಅಜ್ಜಿ ಬೇಕು ಅಂತ ಹೋಗಿ 'ಸ್ಕೇಲ್' ಅಂತ ಹೇಳಲು ಶುರು ಮಾಡಿದೆ. ಆ ಹಿರಿಯರು ಸುಮ್ಮನೆ ಕೇಳಿಸಿಕೊಂಡು, ಕೈಯಲ್ಲಿದ್ದ ಉಳಿ ಕೆಳಗಿಟ್ಟು, ಒಂದು ಕಡ್ಡಿ ಮುರಿದು ಕೊಟ್ಟು 'ಇಷ್ಟುದ್ದ ಅಂತ ತೋರಿಸವ್ವ ಸಾಕು' ಅಂದರು. ಕಡ್ಡಿಗೆ ಉಗುರಿನಲ್ಲಿ ಗುರುತು ಮಾಡಿಕೊಟ್ಟೆ. ಹದಿನೈದು ದಿನ ಬಿಟ್ಟು ಹೋದರೆ ಅಜ್ಜಿ ಆ ಗುರುತಿಗೆ ಸರಿಯಾಗಿ ಇದ್ದಳು, ಸೆರಗು ತಲೆ ಮೇಲೆ, ಒಂದು ಕೈ ಸೊಂಟದ ಮೇಲೆ. ನೀವೂ ಕಡ್ಡಿ ತಗೊಂಡು ಹೋಗಿ. ಐದೂವರೆ ಅಡಿ ಗಂಡಸಿಗೆ 74 ಮಿ.ಮೀ., ಐದಡಿ ಹೆಂಗಸಿಗೆ 68. ನಮ್ಮ ಬಂಡಿ ಗಾಲಿ ಐದಡಿ ಎತ್ತರ, ಅದೂ 68ಕ್ಕೆ ಬರುತ್ತದೆ. ಹಾಗಾಗಿ ಹೆಂಗಸು ಬಂಡಿ ಪಕ್ಕ ನಿಂತರೆ ತಲೆ ಗಾಲಿಯ ಮೇಲಂಚಿಗೆ ಸಮ ಇರಬೇಕು.

ನಿಮ್ಮ ಅವ್ವ ಗೇಟಿನ ಹತ್ತಿರ ನಿಲ್ಲುತ್ತಿದ್ದರು ಅಂದಿರಲ್ಲ. ಅವರದೂ ಒಂದು ಮಾಡಿಸಿ. ಸೀರೆ ಬಣ್ಣ ಯಾವುದು ಅಂತ ಅವರನ್ನೇ ಕೇಳಿಕೊಂಡು ಹೋಗಿ.

ಕೋಟೆಗುಡ್ಡ (ಬಳ್ಳಾರಿ)

ಅಕ್ಕ ಹೇಳಿದ್ದು ಬಹಳ ಒಳ್ಳೆ ದಾರಿ. ನಾನು ಒಂದು ಎಚ್ಚರಿಕೆ ಸೇರಿಸುತ್ತೇನೆ, ಯಾಕೆಂದರೆ ಮಾಳಿಗೆ ಅಂದಿರಿ, ಮೇಲೆ ಶೀಟ್ ಅಂದಿರಿ. ಬಳ್ಳಾರಿ ಏಪ್ರಿಲ್ ಮೇ ತಿಂಗಳಲ್ಲಿ ಶೀಟ್ ಕೆಳಗಿನ ಜಾಗ ಒಲೆ.

ಡೈಕಾಸ್ಟ್ ಗಾಡಿಯ ಮೆತ್ತನೆ ಟೈರ್ ಬಿಸಿಗೆ ಜಿಡ್ಡು ಬಿಡುತ್ತದೆ. ಕೆಳಗೆ ಪ್ಲಾಸ್ಟಿಕ್ ಅಥವಾ ಬಣ್ಣದ ನೆಲ ಇದ್ದರೆ ಅದನ್ನ ಕರಗಿಸಿ ಅಂಟಿಕೊಳ್ಳುತ್ತದೆ. ನನ್ನ ಒಂದು ಕಾರು ಎರಡು ಬೇಸಿಗೆ ಒಂದೇ ಕಡೆ ನಿಂತು, ಎತ್ತಿದಾಗ ಟೈರ್ ಕಪಾಟಿನಲ್ಲೇ ಉಳಿಯಿತು. ಹೊಟ್ಟೆ ಕೆಳಗೆ ಒಂದು ಸಣ್ಣ ಕಟ್ಟಿಗೆ ತುಂಡು ಕೊಟ್ಟು, ಗಾಲಿ ನೆಲಕ್ಕೆ ತಾಗಿಯೂ ತಾಗದ ಹಾಗೆ ನಿಲ್ಲಿಸಿ. ಬೇಸಿಗೆಯಲ್ಲಿ ಗಾಡಿಗಳನ್ನ ಕೆಳಗಿನ ಮನೆಗೆ ತಂದುಬಿಡಿ. ಬಹಳ ಹಳೇ ಡೈಕಾಸ್ಟ್ ತಗೊಳ್ಳುವಾಗ ಬಣ್ಣದ ಕೆಳಗೆ ಸಣ್ಣ ಬಿರುಕು, ಉಬ್ಬು ಇದೆಯಾ ನೋಡಿ. ಎರಕದ ಸತುವಿನಲ್ಲಿ ಸೀಸ ಬೆರೆತಿದ್ದರೆ ಲೋಹವೇ ಒಳಗಿಂದ ಪುಡಿಯಾಗುತ್ತದೆ, ಅದಕ್ಕೆ ಮದ್ದಿಲ್ಲ.

ರಾಯಚೂರು_ಜಂಕ್ಷನ್

ಅಣ್ಣ, ನಿಮ್ಮ ಅಂಬಾಸಡರ್ ಅಳತೆ ಓದಿ ಎದ್ದು ಕೂತೆ. 67 ಮಿ.ಮೀ., 1:36.8! ನನ್ನದು 1:37 ಅಂತ ಮೇಲೆ ಬರೆದಿದ್ದೆ ನೋಡಿ. ನಿಮಗೆ ಸಣ್ಣದಾದ ಕಾರು ನನ್ನ ರಾಯಚೂರು ಸ್ಟೇಷನ್ನಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಬ್ರಾಡ್ ಗೇಜ್ ಮಾಡುವವರಿಗೆ ಇರುವ ಒಂದೇ ಅನುಕೂಲ ಇದು. ಇಂಜಿನ್ ಸಿಗಲ್ಲ, ಡಬ್ಬಿ ಸಿಗಲ್ಲ, ಆದರೆ ಐದು ಇಂಚಿನ ಕಾರುಗಳಲ್ಲಿ 1:36, 1:38 ಇರುವುದೆಲ್ಲಾ ನಮಗೆ ಹೊಂದುತ್ತವೆ.

ನನ್ನ ಹತ್ತಿರ 1:24ರ ಲಾರಿ ಕಿಟ್ ಒಂದು ಇದೆ. ಕ್ಯಾಬಿನ್ ಮುರಿದಿದೆ, ಚಾಸಿ ಗಟ್ಟಿ ಇದೆ, ಆರು ಗಾಲಿಯೂ ಇವೆ. ಈಗಷ್ಟೇ ಅಳೆದೆ, ಗಾಲಿ 43 ಮಿ.ಮೀ. ನನಗೆ ಅದು ಎಂದೂ ಕೆಲಸಕ್ಕೆ ಬರಲ್ಲ. ಅಂಬಾಸಡರ್ ಕೊಡಿ, ಲಾರಿ ಚಾಸಿ ತಗೊಳ್ಳಿ. ಮುಂದಿನ ತಿಂಗಳು ಮಗಳ ಮನೆಗೆ ಬಳ್ಳಾರಿಗೆ ಬರುವವನಿದ್ದೇನೆ, ಮಾಳಿಗೆ ಹತ್ತಿ ನಿಮ್ಮ ಗಾಡಿಯನ್ನೂ ನೋಡುತ್ತೇನೆ.

ಮಾಳಿಗೆ_ರೈಲು (ಬಳ್ಳಾರಿ)

ಸರ್, ಅಂಬಾಸಡರ್ ನಿಮ್ಮದೇ. ಡಬ್ಬಿಯಲ್ಲಿ ಹತ್ತಿ ಹಾಕಿ ಎತ್ತಿಟ್ಟಿದ್ದೇನೆ. ಬರುವ ಹಿಂದಿನ ದಿನ ಇಲ್ಲಿ ಬರೆಯಿರಿ, ಊಟ ನಮ್ಮಲ್ಲೇ.

ಸಂಡೂರಿನ ಅಣ್ಣ, ನೀವು ಹೇಳಿದ ಅಳತೆಗೆ ರಟ್ಟಿನಲ್ಲಿ ಬಾಡಿ ಕತ್ತರಿಸಿ ಹಳಿ ಪಕ್ಕ ಇಟ್ಟು ನೋಡಿದೆ. 230 ಮಿ.ಮೀ. ಅಂದರೆ ಎಷ್ಟು ದೊಡ್ಡದು ಅಂತ ಕಣ್ಣೆದುರು ಬಂದಾಗಲೇ ತಿಳಿಯಿತು. ಡಬ್ಬಿ ಪಕ್ಕ ನಿಂತರೆ ಲಾರಿ ಅಂತ ಅನ್ನಿಸುತ್ತಿದೆ. ಕಟ್ಟಿಗೆಯಲ್ಲಿ ಕಟ್ಟುವಾಗ ಡಾಲಾದ ಕೊಂಡಿ ಎಲ್ಲಿ ಬರುತ್ತದೆ ಅಂತ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಿಂದಿನ ಎರಡು ಮಿ.ಮೀ. ನೆನಪಿದೆ.

ಕೋಟೆಗುಡ್ಡದವರೇ, 103 ಮಿ.ಮೀ. ವೀಲ್‌ಬೇಸಿನ ಕರಿ ಅಂಬಾಸಡರ್ ಎಲ್ಲಾದರೂ ಕಣ್ಣಿಗೆ ಬಿದ್ದರೆ ನನಗೆ ಹೇಳಿ.

ಕೊಪ್ಪಳದ ಅಕ್ಕ, ಅವ್ವನನ್ನ ಕೇಳಿದೆ. ಇಳಕಲ್ ಸೀರೆ, ದಾಳಿಂಬೆ ಬಣ್ಣದ್ದು, ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಕೈಯಲ್ಲಿ ಬುತ್ತಿ ಗಂಟು ಇರಬೇಕು, ನಿಮ್ಮಪ್ಪಗ ರಾತ್ರಿ ಡ್ಯೂಟಿ ಬಿದ್ದರೆ ಅಂತ ಒಯ್ಯುತ್ತಿದ್ದೆ, ಅಂತಲೂ ಹೇಳಿದಳು. ಅದು ನನಗೆ ನೆನಪೇ ಇರಲಿಲ್ಲ. ಅವ್ವನ ಎತ್ತರ ಗೋಡೆಗೆ ನಿಲ್ಲಿಸಿ ಅಳೆದಿದ್ದೇನೆ, ನಾಲ್ಕು ಅಡಿ ಹನ್ನೊಂದು ಇಂಚು. 67 ಮಿ.ಮೀ.ಗೆ ಕಡ್ಡಿ ಕತ್ತರಿಸಿ ಇಟ್ಟುಕೊಂಡಿದ್ದೇನೆ, ಭಾನುವಾರ ಕಿನ್ನಾಳಕ್ಕೆ ಹೊರಟಿದ್ದೇನೆ.